ಚಾಲನಾ ಪರವಾನಗಿಯ ಕಾಲಾವಧಿ: ಒಂದು ವಿವೇಚನೆ

ಯಾವ ವಿದ್ಯೆಗಾದರೂ ಎರಡು ಬಗೆಯ ಕಾಲಗಳುಂಟು. ವಿದ್ಯೆಯು ಕೈವಶವಾಗಲು ಬೇಕಾಗುವ ಕಾಲ ಒಂದು. ಅದು ಕೈವಶವಾಗಿದೆಯೆಂಬ ಪತ್ರವನ್ನು ಪಡೆಯಲು ತಗಲುವ ಕಾಲ ಇನ್ನೊಂದು. ಇವೆರಡೂ ಒಂದೇ ಅಲ್ಲವೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವವರಿಗೆ ಹೇಳಬೇಕಾದುದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆಲ್ಲ ವಿಷಯವು ಕರಗತವಾಗಿದೆಯೆಂದು ಎದೆಮುಟ್ಟಿ ಹೇಳಬಲ್ಲ ಗುರು ವಿರಳ. ಉಳಿದ ವಿದ್ಯೆಗಳಲ್ಲಿ ಈ ಅಂತರದಿಂದಾಗುವ ಹಾನಿ ಅಲ್ಪ. ಮೋಟಾರು ವಾಹನವನ್ನು ನಡೆಸುವ ವಿದ್ಯೆಯಲ್ಲಾದರೋ ಅದು ಪ್ರಾಣಾಂತಿಕ. ವ್ಯಾಕರಣದ ಸಂಧಿಯಲ್ಲಿ ತಪ್ಪಿದವನಿಗೆ ಅಂಕಗಳು ಹೋಗುತ್ತವೆ. ರಸ್ತೆಗಳ ಸಂಧಿಯಲ್ಲಿ ತಪ್ಪಿದವನಿಗೆ ಜೀವವೇ ಹೋಗುತ್ತದೆ.

ಪ್ರೌಢಶಾಲೆಯನ್ನು ದಾಟಿ ಪದವಿಪೂರ್ವ ತರಗತಿಗಳನ್ನು ಮುಗಿಸುವ ಹೊತ್ತಿಗೆ ವಿದ್ಯಾರ್ಥಿಗಳ ಬಾಯಲ್ಲಿ ಬರುವ ಪ್ರಶ್ನೆಗಳಲ್ಲಿ ಒಂದು ಇದು: “ಲೈಸೆನ್ಸು ಎಷ್ಟು ದಿನಕ್ಕೆ ಸಿಗುತ್ತದೆ?” ಪ್ರಶ್ನೆ ಸಣ್ಣದು. ಉತ್ತರವನ್ನು ಒಂದು ಸಂಖ್ಯೆಯಲ್ಲಿ ಹೇಳಿಬಿಡಲೂಬಹುದು. ಆದರೆ ಆ ಸಂಖ್ಯೆಯ ಹಿಂದಿರುವ ಕಾರಣವನ್ನು ತಿಳಿಯದವನು ಅದನ್ನು ಒಂದು ಅಡ್ಡಿಯೆಂದು ಬಗೆದು, ಹಾರಿ ದಾಟುವ ಉಪಾಯವನ್ನು ಹುಡುಕುತ್ತಾನೆ. ಆದುದರಿಂದ ಕಾಲದ ಲೆಕ್ಕವನ್ನೂ ಆ ಲೆಕ್ಕದ ತಾತ್ಪರ್ಯವನ್ನೂ ಒಟ್ಟಿಗೆ ವಿವೇಚಿಸುವುದು ಉಚಿತ.

ಶಬ್ದಾರ್ಥ

ಜನಸಾಮಾನ್ಯರು ‘ಲೈಸೆನ್ಸು’ ಎನ್ನುವ ಪತ್ರಕ್ಕೆ ಕನ್ನಡದಲ್ಲಿ ‘ಪರವಾನಗಿ’ ಎಂಬ ಮಾತೂ ‘ಅನುಜ್ಞಾಪತ್ರ’ ಎಂಬ ಮಾತೂ ಬಳಕೆಯಲ್ಲಿವೆ. ‘ಪರವಾನಗಿ’ ಪಾರಸಿ ಮೂಲದ್ದು. ಅಪ್ಪಣೆ ಎಂದಷ್ಟೇ ಅದರ ಅರ್ಥ. ‘ಲೈಸೆನ್ಸು’ ಎಂಬುದರ ಲ್ಯಾಟಿನ್ ಮೂಲಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ಸಂಸ್ಕೃತದ ‘ಅನುಜ್ಞೆ’ಯಲ್ಲಿ ಮಾತ್ರ ‘ಜ್ಞಾ’ ಎಂಬ ಧಾತುವಿದೆ. ಅರಿಯುವುದು ಎಂಬುದು ಅದರ ಅರ್ಥ. ಅಪ್ಪಣೆಯ ಒಳಗೆ ಅರಿವು ಅಡಗಿರಬೇಕೆಂಬ ಸೂಚನೆ ಶಬ್ದದಲ್ಲಿಯೇ ಇದ್ದಂತಾಯಿತು.

ಈಗ ಪರವಾನಗಿಯ ಅರ್ಜಿಗಳೆಲ್ಲ ಕೇಂದ್ರ ಸರಕಾರದ ‘ಸಾರಥಿ’ ಎಂಬ ಗಣಕ ವ್ಯವಸ್ಥೆಯ ಮೂಲಕ ಸಾಗುತ್ತವೆ. ವಾಹನಗಳ ನೋಂದಣಿಗೆ ‘ವಾಹನ್’, ಚಾಲಕರಿಗೆ ‘ಸಾರಥಿ’. ಹೆಸರಿಟ್ಟವರ ಉದ್ದೇಶ ಏನೇ ಇರಲಿ, ಕನ್ನಡ ಓದುಗರಿಗೆ ಕುಮಾರವ್ಯಾಸನ ವಿರಾಟಪರ್ವ ನೆನಪಾಗದೆ ಇರದು. ಉತ್ತರಕುಮಾರನಿಗೆ ರಥವಿತ್ತು, ಕುದುರೆಗಳಿದ್ದವು, ಅಂತಃಪುರದಲ್ಲಿ ಆಡಿದ ದೊಡ್ಡ ಮಾತುಗಳೂ ಇದ್ದವು. ಇಲ್ಲದುದು ತಕ್ಕ ಸಾರಥಿ. ಬೃಹನ್ನಳೆ ಹಗ್ಗ ಹಿಡಿದ ಮೇಲೆ ರಥವು ವೇಗವಾಗಿ ಓಡಿತು. ಕೌರವಸೇನೆಯನ್ನು ಕಂಡು ರಾಜಕುಮಾರನು ಧುಮುಕಿ ಓಡಿದಾಗ ಅವನನ್ನು ಹಿಡಿದು ತಂದವನೂ ಸಾರಥಿಯೇ. ಕುದುರೆಯನ್ನು ಓಡಿಸುವ ಬಲ, ಭಯವನ್ನೂ ಉತ್ಸಾಹವನ್ನೂ ಹತೋಟಿಯಲ್ಲಿಡುವ ಬಲ ಎರಡೂ ಸೇರಿದರೆ ಸಾರಥ್ಯ. ಮೊದಲನೆಯದು ವಾರದಲ್ಲಿ ಬರಬಹುದು; ಎರಡನೆಯದಕ್ಕೆ ಕಾಲ ಬೇಕು.

ಪೂರ್ವೇತಿಹಾಸ

ಮೋಟಾರು ಯುಗದ ಆರಂಭದಲ್ಲಿ ಪರವಾನಗಿಗೆ ಕಲಿಕೆಯ ಕಾಲ ಎಂಬುದೇ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ ತಾನು ನಿರ್ಮಿಸಿದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು 1888ರಲ್ಲಿ ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಲಿಖಿತ ಅನುಮತಿಯನ್ನು ಪಡೆದನು. ಅವನನ್ನು ಪರೀಕ್ಷಿಸಬಲ್ಲವರು ಆಗ ಯಾರಿದ್ದರು? ಇಂಗ್ಲೆಂಡಿನಲ್ಲಿ 1903ರ ಕಾಯಿದೆಯಂತೆ ಐದು ಶಿಲ್ಲಿಂಗು ಕೊಟ್ಟವನಿಗೆ ಪರವಾನಗಿ ದೊರೆಯುತ್ತಿತ್ತು. ಚಾಲನೆಯ ಪರೀಕ್ಷೆ ಅಲ್ಲಿ ಕಡ್ಡಾಯವಾದುದು 1935ರ ಜೂನ್ 1ರಿಂದ. ಮೂರು ದಶಕಗಳ ಅಪಘಾತಗಳು ಕಲಿಸಿದ ಪಾಠ ಅದು.

ಭಾರತದಲ್ಲಿ ಮೊದಲ ಅಖಿಲ ಭಾರತ ಮೋಟಾರು ವಾಹನ ಕಾಯಿದೆ 1914ರದು. ಅದೇ ವರ್ಷ, ಆಗ ಮದ್ರಾಸು ಅಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿತು. ‘ಸಿ.ಪಿ.ಸಿ.’ ಎಂದು ಮನೆಮಾತಾದ ಆ ಸಂಸ್ಥೆಯ ಬಸ್ಸುಗಳು ಕರಾವಳಿಯ ಸಂಚಾರದ ರೂಪವನ್ನೇ ಬದಲಿಸಿದವು. 1914ರ ಕಾಯಿದೆಯ ಸ್ಥಾನದಲ್ಲಿ 1939ರದು ಬಂದಿತು. ಅದರ ಸ್ಥಾನದಲ್ಲಿ 1988ರ ಕಾಯಿದೆ ಬಂದು 1989ರ ಜುಲೈ 1ರಿಂದ ಜಾರಿಗೊಂಡಿತು. 1989ರ ಕೇಂದ್ರ ನಿಯಮಗಳೂ 2019ರ ತಿದ್ದುಪಡಿಯೂ ಸೇರಿ ಇಂದಿನ ವ್ಯವಸ್ಥೆಯಾಗಿದೆ.

ಬೆಳುವಾಯಿಯ ದೃಷ್ಟಾಂತ

ಕಾಯಿದೆಯ ಕಲಮುಗಳನ್ನು ಬರಿದೇ ಎಣಿಸುವುದಕ್ಕಿಂತ ಒಂದು ಊರನ್ನಿಟ್ಟುಕೊಂಡು ಲೆಕ್ಕ ಹಾಕುವುದು ಸುಲಭ. ಅದಕ್ಕೆ ಬೆಳುವಾಯಿಯನ್ನು ಆರಿಸಿಕೊಳ್ಳಬಹುದು. ಸಾವಿರ ಕಂಬದ ಬಸದಿಯ ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಊರು ಇದು. ಹಿಂದೆ 13ನೆಯ ಸಂಖ್ಯೆಯದಾಗಿದ್ದು ಈಗ 169 ಎನಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾಯ್ದುಹೋಗುತ್ತದೆ.  ಜಿಲ್ಲೆಯ ಮುಖ್ಯಪಟ್ಟಣವಾದ ಮಂಗಳೂರು ಸುಮಾರು 40 ಕಿಲೋಮೀಟರು ದೂರ. ಏರಿಳಿತದ ರಸ್ತೆ, ತಿರುವುಗಳು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದ ಮಳೆ, ಬದಿಯ ಮುರಕಲ್ಲಿನ ಕೆಂಪು ಮಣ್ಣು ಕೊಚ್ಚಿ ಬಂದು ಜಾರುವ ಡಾಮರು: ಇದು ಅಲ್ಲಿನ ಹೊಸ ಚಾಲಕನಿಗೆ ಒದಗುವ ಪಾಠಶಾಲೆ.

ಇಲ್ಲಿನ ವಿದ್ಯಾರ್ಥಿನಿಯೊಬ್ಬಳಿಗೆ ಜೂನ್ 1ರಂದು 18 ವರ್ಷ ತುಂಬಿತೆಂದು ಕಲ್ಪಿಸಿಕೊಳ್ಳಬಹುದು. ಕಾಯಿದೆಯ 4ನೆಯ ಕಲಮಿನಂತೆ ಈಗ ಅವಳು ಅರ್ಹಳು. ಮೊದಲ ಹೆಜ್ಜೆ ಕಲಿಕಾ ಅನುಜ್ಞಾಪತ್ರ. ಜನರ ಮಾತಿನಲ್ಲಿ ‘ಎಲ್.ಎಲ್.ಆರ್.’ 2019ರ ತಿದ್ದುಪಡಿಯ ಬಳಿಕ ಕಾಯಿದೆಯ ಮಾತಿನಂತೆ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು. ‘ಕೆಎ 19’ ಎಂಬ ಸಂಖ್ಯೆಯ ಮಂಗಳೂರು, ‘ಕೆಎ 70’ರ ಬಂಟ್ವಾಳ, ‘ಕೆಎ 20’ರ ಉಡುಪಿ ಕಚೇರಿಗಳು ಈ ಭಾಗದವರಿಗೆ ಪರಿಚಿತ. ವಯಸ್ಸಿನ ಮತ್ತು ವಿಳಾಸದ ದಾಖಲೆಗಳೊಂದಿಗೆ ಆರೋಗ್ಯದ ಬಗ್ಗೆ ಸ್ವಯಂ ಘೋಷಣೆ ಬೇಕು. 40 ವರ್ಷ ದಾಟಿದವರು ವೈದ್ಯರ ಪ್ರಮಾಣಪತ್ರವನ್ನೇ ತರಬೇಕು. ಬಳಿಕ ರಸ್ತೆಯ ಚಿಹ್ನೆಗಳು, ಸಂಚಾರ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯಗಳು ಮೊದಲಾದವನ್ನು ಕುರಿತ ಪ್ರಶ್ನೆಗಳು. ನೂರಕ್ಕೆ 60ರಷ್ಟು ಉತ್ತರಗಳು ಸರಿಯಿದ್ದರೆ ತೇರ್ಗಡೆ. ಆಧಾರ್ ದೃಢೀಕರಣಕ್ಕೆ ಒಪ್ಪಿದವರು ಈ ಪರೀಕ್ಷೆಯನ್ನು ಮನೆಯಿಂದಲೇ ಕೊಡುವ ಅನುಕೂಲವೂ ಈಚಿನ ವರ್ಷಗಳಲ್ಲಿ ಬಂದಿದೆ.

ಜೂನ್ 10ರಂದು ಅವಳಿಗೆ ಕಲಿಕಾ ಪತ್ರ ದೊರೆಯಿತೆನ್ನಬಹುದು. ಅದರ ಬಾಳಿಕೆ ಆರು ತಿಂಗಳು, ಎಂದರೆ ಡಿಸೆಂಬರ್ 9ರವರೆಗೆ. ಕೇಂದ್ರ ನಿಯಮಗಳ 15ನೆಯದು ಹೇಳುವಂತೆ, ಕಲಿಕಾ ಪತ್ರವನ್ನು ಕನಿಷ್ಠ 30 ದಿನ ಹೊಂದಿರದೆ ಯಾರೂ ಚಾಲನಾ ಪರೀಕ್ಷೆಗೆ ನಿಲ್ಲುವಂತಿಲ್ಲ. ಅಲ್ಲಿಗೆ ಜುಲೈ 10 ಕಳೆಯಬೇಕು. ಕಚೇರಿಯಲ್ಲಿ ದಿನ ಗೊತ್ತುಪಡಿಸಿಕೊಳ್ಳುವುದಕ್ಕೆ ಮತ್ತೆ ಒಂದು ವಾರ ಹಿಡಿದು ಜುಲೈ 18ರಂದು ಅವಳು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಂತಳೆಂದುಕೊಂಡರೆ, ಅಂದೇ ತೇರ್ಗಡೆಯಾದ ಪಕ್ಷದಲ್ಲಿ, ಮೊದಲ ಅರ್ಜಿಯಿಂದ ಆರೇಳು ವಾರಗಳೊಳಗೆ ಕೆಲಸ ಮುಗಿಯಿತು. ಕಾರ್ಡು ಅಂಚೆಯಲ್ಲಿ ಬರುವುದಕ್ಕೆ ಇನ್ನಷ್ಟು ದಿನ ಹಿಡಿಯಬಹುದು. ಆದರೆ ಡಿಜಿಲಾಕರಿನಲ್ಲಿ ಕಾಣುವ ಪತ್ರಕ್ಕೂ ಕಾನೂನಿನ ಮಾನ್ಯತೆ ಇದೆ.

ಅಂದು ತೇರ್ಗಡೆಯಾಗದಿದ್ದರೆ? ಏಳು ದಿನ ಕಳೆದ ಮೇಲೆ ಮತ್ತೊಮ್ಮೆ ನಿಲ್ಲಬಹುದು. ಜುಲೈ 26ರಂದೂ ಆಗಸ್ಟ್ 4ರಂದೂ ಮತ್ತೆ ಸೋತಳೆಂದು ಊಹಿಸಿದರೆ, ಮೂರು ಸೋಲುಗಳಾದುವು. ಆಗ ಕಾಯಿದೆಯು 60 ದಿನಗಳ ತಡೆಯನ್ನು ಹಾಕುತ್ತದೆ. 2019ರ ತಿದ್ದುಪಡಿಯು ಚಾಲನಾ ಶಾಲೆಯೊಂದರಲ್ಲಿ ಪರಿಹಾರಬೋಧನೆಯನ್ನೂ ವಿಧಿಸಿದೆ. ಅಕ್ಟೋಬರ್ 3ಕ್ಕೆ ಅರವತ್ತು ದಿನ ತುಂಬುತ್ತದೆ. ಅಕ್ಟೋಬರ್ 4ರಂದು ನಾಲ್ಕನೆಯ ಸಲ ನಿಂತು ಗೆದ್ದರೆ, ಕಲಿಕಾ ಪತ್ರ ದೊರೆತಂದಿನಿಂದ 116 ದಿನಗಳಾದುವು. ಮೂರು ಸಲ ಸೋತವಳಿಗೂ ಕಲಿಕಾ ಪತ್ರದ ಅವಧಿಯಲ್ಲಿ ಎರಡು ತಿಂಗಳಿಗೂ ಮಿಕ್ಕು ಉಳಿದಿರುತ್ತದೆ. ನಿಧಾನವಾಗಿ ಕಲಿಯುವವರಿಗೂ ಈ ಅವಧಿಯಲ್ಲಿ ಎಡೆಯುಂಟು.

ಹಣದ ಲೆಕ್ಕವೂ ದೊಡ್ಡದಲ್ಲ. 2016ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ಕೇಂದ್ರ ನಿಯಮದಂತೆ, ಒಂದು ವರ್ಗದ ವಾಹನಕ್ಕೆ ಕಲಿಕಾ ಪತ್ರಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಪರವಾನಗಿಗೆ 200. ಒಟ್ಟು 700 ರೂಪಾಯಿ. ರಾಜ್ಯವು ವಿಧಿಸುವ ಸೇವಾಶುಲ್ಕ ಮತ್ತು ಚಾಲನಾ ಶಾಲೆಯ ವೆಚ್ಚ ಬೇರೆ. ಮಧ್ಯವರ್ತಿಗೆ ಇದಕ್ಕಿಂತ ಎಷ್ಟೋ ಹೆಚ್ಚು ತೆತ್ತರೂ ಕಾನೂನು ಇಟ್ಟ 30 ದಿನಗಳಲ್ಲಿ ಒಂದು ದಿನವೂ ಕಡಿಮೆಯಾಗದು.

ಮೂವತ್ತು ದಿನಗಳ ತಾತ್ಪರ್ಯ

ಈ 30 ದಿನಗಳನ್ನು ಕಚೇರಿಯ ವಿಳಂಬವೆಂದು ತಿಳಿಯುವವರೇ ಬಹಳ. ಕಡತವು ಮೇಜಿನಿಂದ ಮೇಜಿಗೆ ಹೋಗಲು ಇಟ್ಟ ಕಾಲ ಅದಲ್ಲ. ಕಲಿಯುವವಳ ಕೈಕಾಲುಗಳಿಗೂ ಕಣ್ಣುಗಳಿಗೂ ಇಟ್ಟ ಕಾಲ. ಆ ದಿನಗಳಲ್ಲಿ ಅವಳು ರಸ್ತೆಗೆ ಇಳಿಯುವ ಕ್ರಮವನ್ನೂ ನಿಯಮವು ಹೇಳಿದೆ. ವಾಹನದ ಮುಂದೆಯೂ ಹಿಂದೆಯೂ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರವಿರಬೇಕು. ಆ ಫಲಕ 18 ಸೆಂಟಿಮೀಟರು ಚೌಕದ್ದು, ಅಕ್ಷರ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಎತ್ತರದ್ದು. ಕಾರಿನಲ್ಲಿ ಪರವಾನಗಿಯುಳ್ಳ ಶಿಕ್ಷಕನು ಪಕ್ಕದಲ್ಲಿ, ವಾಹನವನ್ನು ನಿಲ್ಲಿಸಬಲ್ಲಂತೆ ಕುಳಿತಿರಬೇಕು. ದ್ವಿಚಕ್ರ ವಾಹನದಲ್ಲಿ ಶಿಕ್ಷಕನ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಗೆಳತಿಯನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗುವುದಕ್ಕೆ ಕಲಿಕಾ ಪತ್ರವು ಸಾಲದು.

ದ್ವಿಚಕ್ರದವರಿಗೆ ‘ಎಂಟು ಹಾಕುವುದೇ’ ಪರೀಕ್ಷೆಯೆಂದು ಹಲವರ ನಂಬಿಕೆ. ಜನರು ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದು ಕರೆಯುವ ಅಧಿಕಾರಿ ನೋಡಬೇಕಾದುದು ಅಷ್ಟೇ ಅಲ್ಲ. ಕನ್ನಡಿಗಳನ್ನು ಸರಿಪಡಿಸಿಕೊಳ್ಳುವುದು, ಗೇರುಗಳನ್ನು ಕ್ರಮವಾಗಿ ಏರಿಸಿ ಇಳಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತರುವುದು, ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರಗೊಡದೆ ಮತ್ತೆ ಹೊರಡಿಸುವುದು, ಹಿಂದಿಕ್ಕುವುದು, ತಿರುಗುವುದು, ಹಿಮ್ಮುಖವಾಗಿ ನಡೆಸುವುದು, ತುರ್ತಿನಲ್ಲಿ ನಿಲ್ಲಿಸುವುದು: ಇವೆಲ್ಲ ನಿಯಮದ ಪಟ್ಟಿಯಲ್ಲಿವೆ. ಬೆಳುವಾಯಿಯಂತಹ ಏರುತಗ್ಗಿನ ನಾಡಿನಲ್ಲಿ ಏರಿನಲ್ಲಿ ನಿಂತ ಕಾರನ್ನು ಹೊರಡಿಸುವ ಒಂದು ಪಾಠಕ್ಕೇ ಹಲವು ದಿನಗಳು ಬೇಕು. ಹಿಂದೆ ನಿಂತ ಬಸ್ಸಿನ ಹಾರ್ನಿಗೆ ಎದೆ ಅದುರದಂತಾಗಲು ಇನ್ನೂ ಕೆಲವು ದಿನಗಳು ಬೇಕು.

ಎಷ್ಟು ಗಂಟೆಗಳ ಅಭ್ಯಾಸವಾದರೆ ಸಾಕು? ಚಾಲನಾ ಶಾಲೆಗಳಿಗೆ ಕೇಂದ್ರ ನಿಯಮವು ಇಟ್ಟಿರುವ ಕನಿಷ್ಠ ಮಿತಿ, ಸಾರಿಗೇತರ ವಾಹನಗಳಿಗೆ 21 ದಿನಗಳ ತರಬೇತಿ ಮತ್ತು 10 ಗಂಟೆಗಳ ಚಾಲನೆ. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ ನಾಲ್ಕು ವಾರಗಳೊಳಗೆ 29 ಗಂಟೆಗಳು: ಪಾಠ 8, ಅಭ್ಯಾಸ 21. ಆ ಕೇಂದ್ರಗಳಲ್ಲಿ ತೇರ್ಗಡೆಯಾದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿಯುಂಟು. ಇದನ್ನೇ ತಿರುಚಿ, 2024ರ ಜೂನ್‌ನಿಂದ ಯಾರೂ ಸಾರಿಗೆ ಕಚೇರಿಯಲ್ಲಿ ಪರೀಕ್ಷೆ ಕೊಡಬೇಕಾಗಿಲ್ಲವೆಂಬ ವದಂತಿ ಹಬ್ಬಿತು. ನಿಯಮದಲ್ಲಿ ಬದಲಾವಣೆಯಿಲ್ಲವೆಂದು ಕೇಂದ್ರ ಸಚಿವಾಲಯವೇ ಸ್ಪಷ್ಟಪಡಿಸಬೇಕಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಾದರೋ 25ಕ್ಕಿಂತ ಕಿರಿಯ ಕಲಿಕಾರ್ಥಿ 120 ಗಂಟೆಗಳ ಚಾಲನೆಯನ್ನು ದಾಖಲೆ ಪುಸ್ತಕದಲ್ಲಿ ಬರೆದು ತೋರಿಸಬೇಕು. ಹತ್ತು, ಇಪ್ಪತ್ತೊಂದು, ನೂರಿಪ್ಪತ್ತು: ಈ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ, ಇಲ್ಲಿನ 30 ದಿನಗಳು ದೀರ್ಘವೆಂಬ ದೂರು ನಿಲ್ಲದು.

ಭಾರ ಹೆಚ್ಚಿದಂತೆ ಕಾಲವೂ ಹೆಚ್ಚು

ಹೊಣೆ ದೊಡ್ಡದಾದಂತೆ ಕಾಯಿದೆಯು ಕಾಲವನ್ನೂ ಹಿಗ್ಗಿಸಿದೆ. ಸಾರಿಗೆ ವಾಹನವನ್ನು ನಡೆಸಲು 20 ವರ್ಷ ತುಂಬಿರಬೇಕು. ಅದಕ್ಕೆ ಕಲಿಕಾ ಪತ್ರ ಸಿಗಬೇಕಾದರೆ ಲಘು ಮೋಟಾರು ವಾಹನದ ಪರವಾನಗಿಯನ್ನು ಕನಿಷ್ಠ ಒಂದು ವರ್ಷ ಹೊಂದಿರಬೇಕು. ಭಾರಿ ವಾಹನದ ತರಬೇತಿ ಮಾನ್ಯ ಕೇಂದ್ರಗಳಲ್ಲಿ ಆರು ವಾರಗಳಲ್ಲಿ 38 ಗಂಟೆಗಳು. ಮೂಡುಬಿದಿರೆ ಕಾರ್ಕಳಗಳ ನಡುವೆ ಬಸ್ಸು ನಡೆಸಬೇಕೆಂಬ ಯುವಕನು ಹದಿನೆಂಟರಲ್ಲಿ ಆರಂಭಿಸಿದರೂ ಎರಡು ವರ್ಷ ಕಾಯಲೇಬೇಕು. ಐವತ್ತು ಜನರ ಪ್ರಾಣವನ್ನು ಹಿಂದಿಟ್ಟುಕೊಂಡು ಕುಳಿತುಕೊಳ್ಳುವವನಿಗೆ ಎರಡು ವರ್ಷ ಅತಿಯೆಂದು ಹೇಳುವಂತಿಲ್ಲ.

ಪರವಾನಗಿ ದೊರೆತ ಮೇಲೂ ಕಾಲವು ಬೆನ್ನುಬಿಡದು. 2019ರ ತಿದ್ದುಪಡಿಯಂತೆ, 30ಕ್ಕಿಂತ ಕಿರಿಯರಿಗೆ ಕೊಟ್ಟ ಪರವಾನಗಿ 40 ವರ್ಷ ತುಂಬುವವರೆಗೆ, 30ರಿಂದ 50ರ ನಡುವಿನವರಿಗೆ ಹತ್ತು ವರ್ಷ, 50ರಿಂದ 55ರವರಿಗೆ 60 ತುಂಬುವವರೆಗೆ, ಅದರ ಮೇಲೆ ಐದೈದು ವರ್ಷ. ಅವಧಿ ಮುಗಿದು ಒಂದು ವರ್ಷ ದಾಟಿದ ಬಳಿಕ ನವೀಕರಣಕ್ಕೆ ಬಂದವರು ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕು. ಈ ಸಂಪುಟವನ್ನು ಓದುವ ಹಿರಿಯ ಹಳೆಯ ವಿದ್ಯಾರ್ಥಿಗಳು ತಮ್ಮ ಪತ್ರದ ದಿನಾಂಕವನ್ನು ಒಮ್ಮೆ ತೆಗೆದು ನೋಡುವುದು ಕ್ಷೇಮ.

ಆತುರದ ಲೆಕ್ಕ

ಹದಿನಾರು ತುಂಬಿದವರು ಸ್ಕೂಟರು ನಡೆಸಬಹುದೆಂಬ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಕೇಳಿಬರುತ್ತದೆ. ಇದು ಅರ್ಧಸತ್ಯ. ಕಾಯಿದೆಯು 16ರಲ್ಲಿ ಅನುಮತಿಸುವುದು 50 ಸಿಸಿ ಮೀರದ ಎಂಜಿನಿನ ಮೋಟಾರು ಸೈಕಲಿಗೆ ಮಾತ್ರ. ಇಂದು ಮನೆಮನೆಯಲ್ಲಿರುವ ಸ್ಕೂಟರುಗಳು ಸಾಮಾನ್ಯವಾಗಿ 110 ಅಥವಾ 125 ಸಿಸಿಯವು. ಗೇರು ಇಲ್ಲದ ಮಾತ್ರಕ್ಕೆ ಅವು ಹದಿನಾರರ ಬಾಲಕನ ಪಾಲಿಗೆ ಸಲ್ಲುವುದಿಲ್ಲ.

ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂದಿತೆಂದು ತಂದೆ ವಾಹನದ ಬೀಗದ ಕೈಯನ್ನು ಮಗನ ಕೈಗಿಡುವುದುಂಟು. ಅದು ಪ್ರೀತಿಯಿಂದ ಮಾಡಿದುದೇ. ಆದರೆ 2019ರಲ್ಲಿ ಸೇರಿದ 199ಎ ಕಲಮು ಈ ಪ್ರೀತಿಯನ್ನು ಅಪರಾಧವೆಂದು ಎಣಿಸುತ್ತದೆ. ಅಪ್ರಾಪ್ತ ವಯಸ್ಕನು ಮೋಟಾರು ವಾಹನದಿಂದ ಅಪರಾಧವೆಸಗಿದರೆ ಪೋಷಕನೋ ವಾಹನದ ಒಡೆಯನೋ ಹೊಣೆ. ತನಗೆ ತಿಳಿಯದಂತೆ ನಡೆಯಿತೆಂದು ಅವನೇ ಸಿದ್ಧಪಡಿಸಬೇಕು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಇವೆಲ್ಲಕ್ಕಿಂತ ಪ್ರಕೃತ ವಿಷಯಕ್ಕೆ ಸಲ್ಲುವುದು ಇನ್ನೊಂದು ಅಂಶ: ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪತ್ರವೂ ಇಲ್ಲ, ಪರವಾನಗಿಯೂ ಇಲ್ಲ. ಹದಿನೇಳರಲ್ಲಿ ಕಾದಿದ್ದರೆ ಒಂದು ವರ್ಷ. ಕಾಯದೆ ಹೋದುದಕ್ಕೆ ಎಂಟು ವರ್ಷ. ಆತುರದಿಂದ ಕಾಲ ಉಳಿಯುವುದೆಂಬ ಭ್ರಮೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಅಪಘಾತದಲ್ಲಿ ಮೂರನೆಯವರಿಗೆ ಹಾನಿಯಾದಾಗ ಪರವಾನಗಿಯಿಲ್ಲದ ಚಾಲಕನಿದ್ದರೆ, ವಿಮಾ ಸಂಸ್ಥೆಯು ಪರಿಹಾರವನ್ನು ಕೊಟ್ಟು, ತಿಳಿದೂ ತಪ್ಪಿದ ಒಡೆಯನಿಂದ ಅದನ್ನು ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆಜ್ಞಾಪಿಸುವುದುಂಟು. ಆಗ ಹೋಗುವುದು ಅಡಕೆ ತೋಟವೋ ಹೊಲವೋ ಮನೆಯೋ. ಹೋದ ಆಸ್ತಿಯನ್ನು ಮತ್ತೆ ಗಳಿಸಬಹುದು. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಮೂರನೆಯ ಎರಡು ಪಾಲಿನಷ್ಟು ಜನ 18ರಿಂದ 45ರ ವಯಸ್ಸಿನವರು. ಶಾಲೆಗಳು ಓದಿಸಿ ಕಳುಹಿಸಿದ, ಮನೆಗಳು ನೆಚ್ಚಿಕೊಂಡಿದ್ದ ವಯಸ್ಸದು.

ಉಪಸಂಹಾರ

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಪತ್ರಕ್ಕೆ ಕಡಿಮೆಯೆಂದರೆ 30 ದಿನಗಳ ಕಲಿಕೆ, ಹಿಂದುಮುಂದಿನ ವಿಧಿಗಳು ಸೇರಿ ಒಂದೂವರೆ ತಿಂಗಳು. ಮೂರು ಸಲ ಸೋತವರಿಗೆ ನಾಲ್ಕು ತಿಂಗಳು. ಬಸ್ಸು ಲಾರಿಗಳ ಚಾಲಕನಾಗಲು ಹದಿನೆಂಟರ ಮೇಲೆ ಎರಡು ವರ್ಷಗಳು. ವಿದ್ಯೆಗಾದರೋ ಕಾನೂನು ಇಂತಿಷ್ಟೆಂದು ಹೇಳಿಲ್ಲ. ರಾತ್ರಿಯ ಚಾಲನೆಯ ಅಭ್ಯಾಸ, ಮಳೆಯ ಚಾಲನೆಯ ಅಭ್ಯಾಸ, ಎದುರಿನವನು ತಪ್ಪಿದಾಗ ತಾನು ತಾಳ್ಮೆಗೆಡದ ಅಭ್ಯಾಸ ಇವು ಪತ್ರ ಕೈಗೆ ಬಂದ ಮೇಲೆಯೇ ಬರತಕ್ಕವು.

ಉಪಾಧ್ಯಾಯರು ಪದವಿಪೂರ್ವ ತರಗತಿಯಲ್ಲಿ ಒಂದು ಗಂಟೆಯನ್ನು ರಸ್ತೆಯ ಚಿಹ್ನೆಗಳಿಗೂ ಈ ಕಾಲಗಣನೆಗೂ ಮೀಸಲಿಟ್ಟರೆ, ಅದು ಪಠ್ಯದ ಹೊರಗಿನ ಪಾಠವಾದರೂ ವ್ಯರ್ಥವಾಗದು. ಮಕ್ಕಳಿಗೆ ವಾಹನ ಕೊಡಿಸುವ ಶಕ್ತಿಯುಳ್ಳ ಹಿರಿಯರು, ವಾಹನದ ಬೆಲೆಯ ಜತೆಗೆ ಚಾಲನಾ ಶಾಲೆಯ ಶುಲ್ಕವನ್ನೂ ಮೂವತ್ತು ದಿನಗಳ ತಾಳ್ಮೆಯನ್ನೂ ಎಣಿಸಿಕೊಂಡರೆ ಆ ಉಡುಗೊರೆ ಪೂರ್ಣವಾಗುತ್ತದೆ. ಬೀಗದ ಕೈಯನ್ನು ಒಂದು ತಿಂಗಳು ತಡೆದು ಕೊಟ್ಟ ತಂದೆಯ ಮೇಲೆ ಮಗನಿಗೆ ಆ ಒಂದು ತಿಂಗಳು ಮುನಿಸಿರಬಹುದು. ಮುನಿಸಿಕೊಂಡ ಮಗನು ಸಂಜೆ ಬಸ್ಸಿಳಿದು ಮನೆಗೆ ಬರುತ್ತಾನೆ. ತಂದೆಗೆ ಅಷ್ಟು ಸಾಕು.